ಮೆತ್ತೆಯ ಬಾಗಿಲಿಗೆ ಒಂದೇ ಪಿನ್ನು

ಆ ಮಧ್ಯಾಹ್ನ ಕುರ್ಚಿ ಮೇಡಂ ಪಕ್ಕದ ಕಟ್ಟಡದಿಂದ ಓಡೋಡಿ ಬರುವಷ್ಟರಲ್ಲಿ ಸಭಾಂಗಣದೊಳಗೆ ಭಾಷಣ ಅರ್ಧ ಮುಗಿದಿರಬೇಕಿತ್ತು. ಆದರೆ ಬಾಗಿಲು ಮುಚ್ಚಿತ್ತು. ಬಾಗಿಲ ಮೇಲೆ ಒಂದು ಕಾರ್ಡು ಎಡಕ್ಕೆ ವಾಲಿಕೊಂಡು ನೇತಾಡುತ್ತಿತ್ತು: 'ಇಂದಿನ ಕಾರ್ಯಕ್ರಮ ರದ್ದಾಗಿದೆ.' ಕೆಳಗೆ ಆಕೆಯದೇ ಕಚೇರಿಯ ಮುದ್ರೆ. ಅದನ್ನು ಆಕೆ ಹಾಕಿರಲಿಲ್ಲ, ಹಾಕಿ ಎಂದು ಯಾರಿಗೂ ಹೇಳಿರಲೂ ಇಲ್ಲ.

ಆಕೆಯ ಕಚೇರಿ ಎಂದರೆ 'ಸಂಶೋಧಕರ ಬೆಂಬಲ ಕೇಂದ್ರ' ಎಂಬ ದೊಡ್ಡ ಹೆಸರು ಹೊತ್ತ ಒಂದು ಪುಟ್ಟ ಕೋಣೆ. ಆ ಕೋಣೆಗೆಲ್ಲ ಒಂದೇ ಜೀವ. ಪಿಎಚ್.ಡಿ. ಮಾಡುವವರಿಗೆ ಭಾಷಣ ಏರ್ಪಡಿಸುವುದು, ಎಲ್ಲರೂ ಒಟ್ಟಿಗೆ ಕೂತು ಮಾತಿಲ್ಲದೆ ಪ್ರಬಂಧ ಬರೆಯುವ ಬೆಳಗುಗಳನ್ನು ನಡೆಸುವುದು, ವರ್ಷಕ್ಕೊಮ್ಮೆ ಪೋಸ್ಟರ್ ದಿನ ಮಾಡುವುದು, ಗೈಡಿನ ಕೈಲಿ ಬೈಸಿಕೊಂಡು ಬಂದವರನ್ನು ಕೂರಿಸಿ ಸಮಾಧಾನ ಹೇಳುವುದು, ಎಲ್ಲವೂ ಆಕೆಯ ತಲೆಯ ಮೇಲೆ. ಇಷ್ಟೆಲ್ಲ ಮಾಡಿದರೂ ಜನರ ಕಣ್ಣಿಗೆ ಬಿದ್ದದ್ದು ಒಂದೇ, ಆಕೆ ಕುರ್ಚಿ ಜೋಡಿಸುವುದು. ಹೀಗಾಗಿ ಕುರ್ಚಿ ಮೇಡಂ ಎಂಬ ಹೆಸರು ಅಂಟಿಕೊಂಡಿತ್ತು. ಅದು ಆಕೆಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ಭಾಷಣಕಾರರು ಕಡೇ ಗಳಿಗೆಯಲ್ಲಿ ಕೈಕೊಡುವುದು ಮಾಮೂಲಾದ್ದರಿಂದ ಆಕೆ ರದ್ದಿನ ಕಾರ್ಡನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ, ಕೋಣೆಯ ಹೊರಗಿನ ಗೂಡಿನಲ್ಲಿ ಪಿನ್ನಿನ ಡಬ್ಬಿಯ ಪಕ್ಕ ಇಟ್ಟಿದ್ದರು. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಇವತ್ತು ಯಾರೋ ಎತ್ತಿಕೊಂಡಿದ್ದರು.

ಆಕೆ ಬಾಗಿಲು ತಳ್ಳಿದರು. ಆ ಬಾಗಿಲಿಗೆ ಒಳಗೂ ಹೊರಗೂ ದಪ್ಪ ಮೆತ್ತೆ. ಒಂದು ಕಾಲದಲ್ಲಿ ಅಲ್ಲಿ ಹಾಡುಗಳ ಧ್ವನಿಮುದ್ರಣ ನಡೆಯುತ್ತಿತ್ತಂತೆ. ಹೊರಗೆ ಗಂಟಲು ಹರಿಯುವಂತೆ ಕೂಗಿದರೂ ಒಳಗಿನವರಿಗೆ ಪಿಸುಮಾತೂ ಕೇಳಿಸದು. ಒಳಗೆ ಆಕೆ ಬೆಳಗ್ಗೆ ತಾವೇ ಜೋಡಿಸಿದ್ದ ಕುರ್ಚಿಗಳು ಇದ್ದ ಹಾಗೇ ಇದ್ದವು. ವೇದಿಕೆಯ ಮೇಲಿನ ಒಂದೇ ದೀಪದ ಕೆಳಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇವತ್ತಿನ ಭಾಷಣಕಾರ ನಿಂತಿದ್ದ.

ಅವನು ಸಗಣಿ ಉರುಳಿಸುವ ಹುಳುಗಳ ಮೇಲೆ ಸಂಶೋಧನೆ ಮಾಡುತ್ತಿದ್ದವನು. ದನದ ಹಟ್ಟಿ, ಹುಲ್ಲುಗಾವಲು ಅಂತ ಅಲೆದು ವರ್ಷಗಟ್ಟಲೆ ಸವೆಸಿದ್ದ. ಹಾಸ್ಟೆಲಿನವರು ಅವನಿಗೆ ಸಗಣಿ ಡಾಕ್ಟ್ರು ಎಂದು ಮುಂಚಿತವಾಗಿಯೇ ಪದವಿ ಕೊಟ್ಟುಬಿಟ್ಟಿದ್ದರು. ಪ್ರಬಂಧ ಒಪ್ಪಿಸುವ ಮೊದಲು ಎಲ್ಲರೆದುರು ಕೊಡಲೇಬೇಕಾದ ಭಾಷಣ ಅದು. ಅದನ್ನು ಕೇಳಲೆಂದೇ ಹೊರಗಿನಿಂದ ಒಬ್ಬರು ಪರೀಕ್ಷಕಿ ಬಂದಿದ್ದರು, ಮರುದಿನ ಮಧ್ಯಾಹ್ನ ಹೊರಟು ನಿಲ್ಲುವವರಿದ್ದರು.

"ಯಾರೂ ಬರ್ಲಿಲ್ಲ ಮೇಡಂ," ಎಂದ.

"ಬಾಗಿಲ ಮೇಲೆ ರದ್ದು ಅಂತ ಕಾರ್ಡ್ ಹಾಕಿದಾರೆ ಕಣಪ್ಪಾ! ಯಾರೋ ಬೇಕಂತ ಮಾಡಿದ ಕೆಲಸ ಇದು."

"ಓ," ಎಂದ ಅವನು. ಸ್ವಲ್ಪ ಹೊತ್ತು ಕುರ್ಚಿಗಳನ್ನೇ ನೋಡಿದ. "ಹಾಗಾದ್ರೆ ಅದಕ್ಕೇ ಯಾರೂ ಬರ್ಲಿಲ್ಲ."

ಬಿಗಿದಿದ್ದ ಅವನ ಮುಖ ಅಷ್ಟಕ್ಕೇ ಸಡಿಲವಾಯಿತು. ದುಃಖಕ್ಕೆ ಒಂದು ಕಾರಣ ಸಿಕ್ಕರೆ ಯಾರಿಗಾದರೂ ಹಾಗೇ ಆಗುತ್ತದೆ ಎಂದುಕೊಂಡು ಮೇಡಂ ಅವನ ಬೆನ್ನು ತಟ್ಟಿ ಕಳಿಸಿದರು. ಅವನು ಬರಿಗೈಯಲ್ಲಿ ಮೆಲ್ಲಗೆ ನಡೆದುಹೋದ.

ಪಿನ್ನು ಚುಚ್ಚಿದ್ದಂತೆಯೇ ಕಾರ್ಡನ್ನು ಕಿತ್ತುಕೊಂಡು ಆಕೆ ಹೊರಗಿನ ಟೀ ಮೇಜಿನತ್ತ ತಿರುಗಿದರು. ಭಾಷಣ ಮುಗಿದ ಮೇಲೆ ಕುಡಿಯಲೆಂದು ಕ್ಯಾಂಟೀನಿನವರು ಇಟ್ಟುಹೋಗಿದ್ದ ದೊಡ್ಡ ಫ್ಲಾಸ್ಕು ತಳ ಕಂಡಿತ್ತು. ಕಸದ ಬುಟ್ಟಿಯಿಂದ ಕಾಗದದ ಲೋಟಗಳು ಹೊರಗೆ ಚೆಲ್ಲಿದ್ದವು. "ಟೀ ಅಂದ್ರೆ ಮಾತ್ರ ಎಲ್ಲಿದ್ರೂ ಬರ್ತಾರೆ," ಎಂದು ಗೊಣಗುತ್ತಾ ಮೇಜು ಒರೆಸಿದರು. ಮೇಜಿನ ಮೂಲೆಯಲ್ಲಿ ಯಾರೋ ಮರೆತುಹೋಗಿದ್ದ ಬೆಂಕಿಪೊಟ್ಟಣ ಸಿಕ್ಕಿತು. ಅದನ್ನೂ ಎತ್ತಿಕೊಂಡು ಕೋಣೆಗೆ ಬಂದರು.

ಕೋಣೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಭೂತಗನ್ನಡಿ ಮೇಷ್ಟ್ರು ಕೂತಿದ್ದರು. ಕೂತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ, ನಿವೃತ್ತರಾದ ಮೇಲೆ ಅವರು ದಿನವೂ ಅಲ್ಲೇ ಕೂರುತ್ತಿದ್ದರು. ಕಲ್ಲು-ಮಣ್ಣಿನ ಪ್ರಾಧ್ಯಾಪಕರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ವಿಶ್ವವಿದ್ಯಾಲಯದ ಅತಿಥಿಗೃಹದ ಒಂದು ಕೋಣೆ ಹಿಡಿದಿದ್ದರು. ಒಬ್ಬ ಮಹಾಶಯ ಒಂದೇ ಕಲ್ಲಿಗೆ ಮೂರು ಕಡೆಯಿಂದ ಫೋಟೋ ತೆಗೆದು ಮೂರು ಬೆಟ್ಟದ ಕಲ್ಲು ಎಂದು ಪ್ರಬಂಧದಲ್ಲಿ ಸೇರಿಸಿದ್ದನ್ನು ಅವರು ನೆರಳು ನೋಡಿಯೇ ಹಿಡಿದಿದ್ದರು. ಅಂದಿನಿಂದ ಆ ಹೆಸರು. ಕಳ್ಳ ಅಂಕಿ, ಕದ್ದ ವಾಕ್ಯ, ಕಾಣೆಯಾದ ಉಪಕರಣ, ಏನೇ ಆದರೂ ಜನ ಅವರ ಬಳಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಯಾರೂ ಬರುತ್ತಿರಲಿಲ್ಲ.

"ಏನಮ್ಮಾ, ಮುಖ ಹೀಗಾಗಿದೆ?" ಎಂದರು.

ಮೇಡಂ ಕಾರ್ಡನ್ನು ಮೇಜಿನ ಮೇಲೆ ಎಸೆದರು. ಗಂಟಲು ಒಣಗಿತ್ತು. ಮೇಜಿನ ಮೇಲೆ ಇವತ್ತಿನ ಭಾಷಣಕ್ಕೆಂದು ಸಿದ್ಧಮಾಡಿದ್ದ ಬಟ್ಟೆಯ ಚೀಲ ಇತ್ತು. ಅದರೊಳಗಿಂದ ನೀರಿನ ಬಾಟಲಿ ಎತ್ತಿ, ಮುಚ್ಚಳ ಮುರಿದು, ಗಟಗಟನೆ ಅರ್ಧ ಕುಡಿದರು. ಆಮೇಲೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. "ಹೊಸ ಸಂಶೋಧಕರಿಗೆ ಪರಿಚಯ ಕಾರ್ಯಕ್ರಮ ಪಕ್ಕದ ಕಟ್ಟಡದಲ್ಲಿ. ಇರೋದು ನಾನೊಬ್ಳು, ಎರಡು ಕಡೆ ಹೇಗಿರ್ಲಿ? ನಾನಿಲ್ಲದ ಹೊತ್ತು ನೋಡ್ಕೊಂಡೇ ಮಾಡಿದಾರೆ ಮೇಷ್ಟ್ರೇ."

ಮೇಷ್ಟ್ರು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಕುಲಸಚಿವರು ಬಂದು ನಿಂತರು. ಆಡಳಿತವನ್ನೆಲ್ಲ ಮುಷ್ಟಿಯಲ್ಲಿ ಹಿಡಿದವರು. ಅವರು ನಕ್ಕದ್ದನ್ನು ಕಂಡವರು ಯಾರೂ ಇರಲಿಲ್ಲ. ಅವರನ್ನು ಕಂಡರೆ ಡೀನುಗಳೂ ದಾರಿ ಬದಲಿಸುತ್ತಿದ್ದರು.

"ಹೊರಗಿನ ಪರೀಕ್ಷಕರ ಮುಂದೆ ನಮ್ಮ ಮಾನ ಹರಾಜಾಯ್ತು," ಎಂದರು. "ನಿಮ್ಮ ಕಾರ್ಡು, ನಿಮ್ಮ ಮುದ್ರೆ, ನಿಮ್ಮ ಪಿನ್ನು. ಅದನ್ನ ನೆಟ್ಟಗೆ ಹಾಕೋಕೂ ಆಗ್ಲಿಲ್ಲ ನಿಮ್ಮ ಕೈಲಿ, ಸೊಟ್ಟಗೆ ನೇತಾಡ್ತಿತ್ತು!"

"ಸಾರ್, ಅದು ನಾನಲ್ಲ..."

"ನೀವಲ್ಲ ಅಂದ್ರೆ ಯಾರು ಅಂತ ನಾಳೆ ಬೆಳಗ್ಗೆ ಹೇಳಿ. ಹೇಳೋಕಾಗ್ಲಿಲ್ವಾ, ಈ ಕೇಂದ್ರಕ್ಕೆ ಬೀಗ ಹಾಕಿ ಬೀಗದಕೈ ನನ್ನ ಮೇಜಿನ ಮೇಲಿಡಿ. ನಿಮಗೆ ಬೇರೆ ಕಡೆ ಕೆಲಸ ಕೊಡ್ತೀನಿ. ಪರೀಕ್ಷಾ ವಿಭಾಗದಲ್ಲಿ ಲಕೋಟೆ ಅಂಟಿಸೋದಕ್ಕೆ ಜನ ಬೇಕಂತೆ."

ಅವರು ಹೋದ ಮೇಲೆ ಮೇಡಂ ಕುಸಿದು ಕೂತರು. ಕೆಲಸ ಹೋಗುವುದಿಲ್ಲ, ನಿಜ. ಆದರೆ ಈ ಕೋಣೆ ಹೋದರೆ ಆಕೆಗೆ ಬೇರೆ ಏನಿತ್ತು? ಮನೆಯಲ್ಲಿ ಕಾಯುವವರಿರಲಿಲ್ಲ. 'ಮೇಡಂ, ಬಿಡುವಾಗಿದ್ದೀರಾ?' ಎಂದು ಇಣುಕುವ ಆ ಮುಖಗಳಷ್ಟೇ ಇದ್ದವು.

"ಅಳೋದು ಆಮೇಲೆ," ಎಂದರು ಮೇಷ್ಟ್ರು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. "ನೀನು ಕಾರ್ಡನ್ನ ಹೇಗೆ ಹಾಕ್ತೀಯ?"

"ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಮತ್ತೆ ಹೇಗೆ ಹಾಕ್ತಾರೆ?"

"ಮೂಲೆಗಳಲ್ಲಿ ಹಳೇ ತೂತುಗಳಿವೆ, ಅವು ನಿನ್ನವು. ಇವತ್ತು ಹಾಕಿದವರು ಮೂಲೆ ಮುಟ್ಟಿಲ್ಲ. ಒಂದೇ ಪಿನ್ನು. ಮೇಲ್ಭಾಗದಲ್ಲಿ, ನಡುವಿನಿಂದ ಸ್ವಲ್ಪ ಬಲಕ್ಕೆ. ಅದಕ್ಕೇ ಎಡಕ್ಕೆ ವಾಲಿದ್ದು. ಪಿನ್ನು ನಿನ್ನ ಡಬ್ಬೀದೇ."

"ಆತುರದಲ್ಲಿ ಚುಚ್ಚಿರ್ತಾರೆ ಬಿಡಿ."

"ಆತುರದ ಕೈ ಅಂಕುಡೊಂಕಾಗಿ ಚುಚ್ಚುತ್ತೆ. ಇದು ಕಾಗದಕ್ಕೆ ನೆಟ್ಟಗೆ ಇಳಿದಿದೆ, ತೂತು ಅಷ್ಟು ದುಂಡಗಿದೆ. ಪಳಗಿದ ಕೈ." ಬೆಂಕಿಪೊಟ್ಟಣ ಅವರ ಕಣ್ಣಿಗೆ ಬಿತ್ತು. "ಇದೇನು?"

"ಟೀ ಮೇಜಿನ ಮೇಲಿತ್ತು."

ಪೊಟ್ಟಣದ ಮೇಲೆ ಸೂಜಿಯಿಂದ ಮಾಡಿದ ಸಣ್ಣ ತೂತುಗಳಿದ್ದವು. ಮೇಷ್ಟ್ರು ಮೆಲ್ಲಗೆ ತೆರೆದರು. ಒಳಗೆ ಒಂದಿಷ್ಟು ಹುಲ್ಲು, ಹುಲ್ಲಿನ ನಡುವೆ ತಲೆಯ ಮೇಲೆ ಕೊಂಬಿರುವ ಒಂದು ಕಪ್ಪು ಹುಳು. ಅದು ಕಾಲಾಡಿಸಿತು. ಮೇಡಂ "ಅಯ್ಯಯ್ಯೋ!" ಎಂದು ಕುರ್ಚಿ ಹಿಂದಕ್ಕೆಳೆದುಕೊಂಡರು. ಮೇಷ್ಟ್ರು ಮಾತ್ರ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತರು.

"ನಡಿ, ಹುಳುಗಳ ಪ್ರಯೋಗಾಲಯಕ್ಕೆ ಹೋಗಿಬರೋಣ," ಎಂದು ಎದ್ದರು.

ಪ್ರಯೋಗಾಲಯದಲ್ಲಿ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಗೋಡೆಯ ಉದ್ದಕ್ಕೂ ಗಾಜಿನ ಮುಚ್ಚಳದ ಪೆಟ್ಟಿಗೆಗಳು. ಸಗಣಿ ಡಾಕ್ಟ್ರ ಗೈಡು ಚಿಟ್ಟೆಗಳ ಪ್ರೊಫೆಸರು. ಅವರು ಪರೀಕ್ಷಕಿಯ ಎದುರು ಕೈ ಹಿಸುಕುತ್ತಾ ನಿಂತಿದ್ದರು. ಕಿಟಕಿಯ ಬಳಿ ಅವರದೇ ಇನ್ನೊಬ್ಬ ಶಿಷ್ಯೆ, ಪತಂಗಗಳ ಮೇಲೆ ಕೆಲಸ ಮಾಡುವ ಹುಡುಗಿ, ಒಂದು ಪತಂಗದ ರೆಕ್ಕೆಗಳನ್ನು ಹರಡಿ ಎದೆಯ ನಟ್ಟನಡುವೆ ಪಿನ್ನು ಇಳಿಸುತ್ತಿದ್ದಳು.

"ನಾವು ಊಟ ಮುಗಿಸ್ಕೊಂಡು ಒಟ್ಟಿಗೇ ಬಂದ್ವಿ," ಎಂದರು ಪ್ರೊಫೆಸರು. "ಬಂದು ನೋಡಿದ್ರೆ ರದ್ದು ಅಂತ ಕಾರ್ಡು. ಇವನಿಗೆ ಫೋನ್ ಮಾಡಿದ್ರೆ ಆಫ್. ನನಗೇ ಹೇಳದೆ ಕೈಕೊಟ್ಟ ಅಂತ ಉರಿದುಹೋಯ್ತು. ಹಾಗೆ ನೋಡಿದ್ರೆ ಅವನು ಪ್ರಬಂಧ ಮುಗಿಸಿ ಹೋದ್ರೆ ನಷ್ಟ ನನಗೇ. ನನ್ನ ಪ್ರಾಯೋಗಿಕ ತರಗತಿ ಎಲ್ಲ ಅವನೇ ನೋಡ್ಕೋತಿದ್ದ."

ಮೇಡಂ ಮೇಷ್ಟ್ರ ಮೊಣಕೈ ತಿವಿದರು. ಮೇಷ್ಟ್ರು ಗಮನಿಸದವರಂತೆ ಪರೀಕ್ಷಕಿಯತ್ತ ತಿರುಗಿ, "ಆಮೇಲೆ ಇಡೀ ಮಧ್ಯಾಹ್ನ ಏನು ಮಾಡಿದ್ರಿ?" ಎಂದು ಕೇಳಿದರು.

"ಈ ಹುಡುಗಿ ಬಾಗಿಲಲ್ಲೇ ಸಿಕ್ಕಳು, ತನ್ನ ಪತಂಗ ತೋರಿಸ್ತೀನಿ ಅಂತ ಕರ್ಕೊಂಡು ಬಂದಳು. ಚೆನ್ನಾಗಿ ಮಾಡಿದಾಳೆ." ಪರೀಕ್ಷಕಿ ನಿಟ್ಟುಸಿರು ಬಿಟ್ಟರು. "ನಾನು ಬಂದದ್ದು ಮಾತ್ರ ಸಗಣಿ ಹುಳುವಿಗೆ."

ಈಗ ಮೇಡಂಗೆ ಆ ಹುಡುಗಿಯ ಮೇಲೂ ಅನುಮಾನ ಹತ್ತಿತು. ಅಷ್ಟು ದೊಡ್ಡ ವಿದ್ವಾಂಸೆಯನ್ನು ಇಡೀ ಮಧ್ಯಾಹ್ನ ಒಬ್ಬಳೇ ಹಿಡಿದಿಟ್ಟುಕೊಂಡಿದ್ದಾಳಲ್ಲ! ಆದರೆ ಮೇಷ್ಟ್ರು ಪ್ರಶ್ನೆ ಕೇಳುವುದು ಬಿಟ್ಟು ಪೆಟ್ಟಿಗೆಗಳನ್ನು ನೋಡುತ್ತಾ ಹೊರಟರು. ಪ್ರೊಫೆಸರ ಚಿಟ್ಟೆಗಳು, ಹುಡುಗಿಯ ಪತಂಗಗಳು, ಎಲ್ಲದರ ಪಿನ್ನೂ ದಾರ ಹಿಡಿದು ಅಳೆದಂತೆ ನಡುವೆ. ಮೂಲೆಯ ಕಪಾಟಿನಲ್ಲಿ ಸಗಣಿ ಡಾಕ್ಟ್ರ ಪೆಟ್ಟಿಗೆಗಳು. ಸಾಲುಸಾಲು ಕಪ್ಪು ಹುಳುಗಳು, ಪ್ರತಿಯೊಂದಕ್ಕೂ ಬೆನ್ನಿನ ಬಲಪಕ್ಕಕ್ಕೆ ಪಿನ್ನು.

"ಪಾಪ, ಇವನ ಕೈಗೆ ನಡುವು ಅನ್ನೋದು ಸಿಗೋದೇ ಇಲ್ವೇನೋ," ಎಂದು ಮೇಡಂ ಪಿಸುಗುಟ್ಟಿದರು.

ಹುಡುಗಿ ಫಕ್ಕನೆ ನಕ್ಕಳು. "ಅದು ಹಾಗೇ ಮೇಡಂ, ಅವಕ್ಕೆ..." ಎನ್ನುವಷ್ಟರಲ್ಲಿ ಪ್ರೊಫೆಸರು ಅವಳನ್ನು ಟೀ ತರಲು ಕಳಿಸಿದರು.

ಹೊರಗೆ ಬಂದ ಮೇಲೆ ಮೇಷ್ಟ್ರು ಮೇಡಂ ಕಡೆ ತಿರುಗಿದರು. "ನಂಗೆ ಇವತ್ತು ಸಂಜೆ ಒಂದಿಷ್ಟು ತಿರುಗಾಟ ಇದೆ. ಸಭಾಂಗಣದ ಹಿಂದಿನ ಬಾಗಿಲಿನ ಬೀಗದಕೈ ಕೊಡು. ನಾಳೆ ಬೆಳಗ್ಗೆ ಆ ಮೆತ್ತೆಯ ಬಾಗಿಲ ಮುಂದೆ ಇವರಿಗೆಲ್ಲ ಕುರ್ಚಿ ಹಾಕು. ಕುಲಸಚಿವರನ್ನೂ ಕರಿ."

"ಯಾರು ಅಂತ ಗೊತ್ತಾಯ್ತಾ ಮೇಷ್ಟ್ರೇ?"

"ಗೊತ್ತಾಯ್ತಮ್ಮಾ," ಎಂದರು ಅವರು. ಗೆದ್ದವರ ದನಿಯಾಗಿರಲಿಲ್ಲ ಅದು.

ಸಂಜೆ ಮೇಡಂ ಕೋಣೆಯಲ್ಲಿ ಒಬ್ಬರೇ ಉಳಿದರು. ಅಕ್ಕನ ಫೋನು ಬಂತು. ಅಕ್ಕ ಮೊಮ್ಮಗನ ಹಲ್ಲಿನ ವಿಷಯ, ಸೋರುವ ನಲ್ಲಿಯ ವಿಷಯ ಎಲ್ಲ ಹೇಳಿ, "ನಿಂದೇನೇ ವಿಶೇಷ?" ಎಂದರು. "ಏನಿಲ್ಲಕ್ಕಾ, ಎಲ್ಲ ಮಾಮೂಲು," ಎಂದರು ಮೇಡಂ. ಫೋನು ಇಟ್ಟ ಮೇಲೆ ಗೋಡೆಯ ಮೇಲಿನ ಫೋಟೋಗಳನ್ನು ನೋಡಿದರು. ಪೋಸ್ಟರ್ ದಿನ, ಬರವಣಿಗೆಯ ಬೆಳಗು, ಭಾಷಣಗಳು. ಒಂದರಲ್ಲೂ ಆಕೆ ಇರಲಿಲ್ಲ. ಫೋಟೋ ತೆಗೆದವರು ಆಕೆಯೇ. ಹೋದ ಪೋಸ್ಟರ್ ದಿನದ ಫೋಟೋದಲ್ಲಿ ಮೂಲೆಯ ಪೋಸ್ಟರಿನ ಪಕ್ಕ ಸಗಣಿ ಡಾಕ್ಟ್ರು ಕೈಕಟ್ಟಿ ನಿಂತಿದ್ದ. ಅವನ ಮುಂದೆ ಯಾರೂ ಇರಲಿಲ್ಲ. ಆಕೆ ಅದನ್ನು ಅಂದು ಗಮನಿಸಿರಲಿಲ್ಲ, ಈಗ ಗಮನಿಸಿದರು.

ಮರುದಿನ ಬೆಳಗ್ಗೆ ಮೆತ್ತೆಯ ಬಾಗಿಲ ಮುಂದಿನ ಹಜಾರದಲ್ಲಿ ಎಲ್ಲರೂ ಕೂತರು: ಕುಲಸಚಿವರು, ಪರೀಕ್ಷಕಿ, ಪ್ರೊಫೆಸರು, ಪತಂಗದ ಹುಡುಗಿ, ಕೊನೆಯ ಕುರ್ಚಿಯಲ್ಲಿ ಸಗಣಿ ಡಾಕ್ಟ್ರು. ಮೇಡಂ ಅಭ್ಯಾಸದಂತೆ ಬಾಗಿಲ ಪಕ್ಕ ನಿಂತರು. ಆಕೆಯ ಕೈಯಲ್ಲಿ ಕೋಣೆಯ ಬೀಗದಕೈ ಇತ್ತು, ಕೊಡಬೇಕಾಗಿ ಬಂದರೆ ಇರಲಿ ಎಂದು.

"ಮೊದಲು ಈ ಕಾರ್ಡು," ಎಂದು ಮೇಷ್ಟ್ರು ಶುರುಮಾಡಿದರು. "ಇದನ್ನ ಹಾಕಿದ್ದು ಈ ತಾಯಿಯಲ್ಲ. ಆಕೆ ನಾಲ್ಕು ಮೂಲೆಗೆ ಪಿನ್ನು ಹಾಕೋರು, ಹಳೇ ತೂತುಗಳೇ ಸಾಕ್ಷಿ. ಹಾಕಿದವರು ಒಂದೇ ಪಿನ್ನು ಹಾಕಿದಾರೆ. ಮೇಲ್ಭಾಗದಲ್ಲಿ, ನಡುವಿನಿಂದ ಬಲಕ್ಕೆ, ನೆಟ್ಟಗೆ. ಕಾಗದಕ್ಕೆ ಹಾಗೆ ಯಾರು ಪಿನ್ನು ಹಾಕ್ತಾರೆ? ಒಂದೇ ಪಿನ್ನು ಅಂದ್ರೆ ಯಾರಾದ್ರೂ ನಡುವೆ ಹಾಕ್ತಾರೆ. ತಲೆ ಬೇರೆ ಎಲ್ಲೋ ಇರುವಾಗ ಕೈ ತನ್ನ ದಿನದ ಕೆಲಸ ಮಾಡುತ್ತೆ. ಈ ಕೈಯ ದಿನದ ಕೆಲಸ ಒಂದೇ ಪಿನ್ನು ಚುಚ್ಚೋದು. ಅಂದ್ರೆ ಹುಳುಗಳ ಪ್ರಯೋಗಾಲಯ."

ಪ್ರೊಫೆಸರು ನೆಟ್ಟಗಾದರು. "ನಮ್ಮ ಮೇಲೆ ಎತ್ತಿಹಾಕೋಕೆ ಬೇರೆ ಯಾರೋ ಬೇಕಂತ ಹಾಗೆ ಮಾಡಿರಬಹುದಲ್ಲ?"

"ಹಾಗೆ ಮಾಡೋರು ನಿಮ್ಮ ಉದ್ದನೇ ಪಿನ್ನು ಕದ್ದು ಚುಚ್ಚಿರೋರು, ನೋಡಿದ ತಕ್ಷಣ ನಿಮ್ಮ ಹೆಸರು ಬರ್ಲಿ ಅಂತ. ಇದು ಗೂಡಿನಲ್ಲಿದ್ದ ಕಚೇರಿಯ ಪಿನ್ನು. ಇನ್ನು ನಿಮ್ಮ ಮಾತಿಗೆ ಬಂದ್ರೆ, ನೀವು ಪರೀಕ್ಷಕರ ಜೊತೆ ಊಟದಲ್ಲಿದ್ರಿ, ಬಂದಾಗ ಕಾರ್ಡು ಆಗಲೇ ಇತ್ತು. ಅದೂ ಅಲ್ಲದೆ ನೀವು ಚಿಟ್ಟೆಯವರು. ಚಿಟ್ಟೆಗೆ ಪಿನ್ನು ಎಲ್ಲಿ ಹಾಕ್ತಾರೆ?"

"ಎದೆಯ ನಟ್ಟನಡುವೆ."

"ಪತಂಗಕ್ಕಮ್ಮಾ?"

"ಅದಕ್ಕೂ ನಡುವೇ ಸಾರ್," ಎಂದಳು ಹುಡುಗಿ. ಮಾತು ಮುಗಿಯುವಷ್ಟರಲ್ಲಿ ಅವಳ ಮುಖದ ಬಣ್ಣ ಇಳಿಯಿತು. ಅವಳು ಕೊನೆಯ ಕುರ್ಚಿಯತ್ತ ತಿರುಗಿ ನೋಡಿ ತಕ್ಷಣ ಕಣ್ಣು ಕೆಳಗೆ ಹಾಕಿದಳು.

"ಗಟ್ಟಿ ಬೆನ್ನಿನ ಹುಳುಗಳಿಗೆ ಹಾಗಲ್ಲ," ಎಂದರು ಮೇಷ್ಟ್ರು ಮೆಲ್ಲಗೆ. "ಅವಕ್ಕೆ ಬಲಗಡೆ ಕವಚಕ್ಕೆ ಮಾತ್ರ ಚುಚ್ಚಬೇಕು. ಒಂದು ಪಕ್ಕ ಹಾಳಾದ್ರೂ ಇನ್ನೊಂದು ಪಕ್ಕ ಪೂರ್ತಿ ಉಳೀಲಿ ಅಂತ. ಒಂದನ್ನ ಕಳಕೊಂಡು ಒಂದನ್ನ ಉಳಿಸ್ಕೊಳ್ಳೋದು." ಅವರು ಬಟ್ಟೆಯ ಚೀಲವನ್ನು ಮೇಲೆತ್ತಿದರು. "ಇನ್ನೊಂದು ವಿಷಯ. ಭಾಷಣ ಮಾಡೋರೆಲ್ಲ ಮೊದಲು ಮೇಡಂ ಕೋಣೆಗೆ ಬಂದು ಈ ಚೀಲ ತಗೊಂಡು ಹೋಗ್ತಾರೆ. ಚಿತ್ರ ಬದಲಿಸೋ ರಿಮೋಟು, ಹೆಸರಿನ ಫಲಕ, ನೀರು. ರಿಮೋಟಿಲ್ಲದೆ ಒಂದು ಚಿತ್ರವೂ ಗೋಡೆ ಮೇಲೆ ಬರಲ್ಲ. ನಿನ್ನೆ ಮಧ್ಯಾಹ್ನ ನನ್ನ ಕಣ್ಣೆದುರೇ ಮೇಡಂ ಈ ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ಮುರಿದು ನೀರು ಕುಡಿದರು. ಭಾಷಣ ಅರ್ಧ ಆಗಿರಬೇಕಾದ ಹೊತ್ತಲ್ಲಿ ಚೀಲ ಮುಟ್ಟದ ಹಾಗೇ ಇತ್ತು. ಯಾಕಂದ್ರೆ ಭಾಷಣ ನಡೆಯಲ್ಲ ಅಂತ ಒಬ್ಬರಿಗೆ ಮೊದಲೇ..."

"ಸಾಕು ಸಾರ್," ಎಂದು ಸಗಣಿ ಡಾಕ್ಟ್ರು ಎದ್ದು ನಿಂತ. "ನಾನೇ ಹಾಕಿದ್ದು."

ಮೇಡಂ ಅವನತ್ತ ತಿರುಗಿದರು. ನಿನ್ನೆ ಬರಿಗೈಯಲ್ಲಿ ಹೊರಟುಹೋದ ಅವನ ಬೆನ್ನು ಕಣ್ಣ ಮುಂದೆ ಬಂತು. ಬರಿಗೈ! ನೋಡಿಯೂ ನೋಡಿರಲಿಲ್ಲ.

"ನಿನ್ನ ಭಾಷಣವನ್ನ ನೀನೇ ರದ್ದು ಮಾಡ್ಕೊಂಡ್ಯಾ?" ಪ್ರೊಫೆಸರು ಕೂತಲ್ಲೇ ಬೆವರಿದರು. "ತಲೆ ಕೆಟ್ಟಿದೆಯೇನಯ್ಯಾ?"

ಅವನು ಮೇಡಂ ಕಡೆ ತಿರುಗಿದ. "ನಿಮ್ಮ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಮೇಡಂ. ಕ್ಷಮಿಸಿ. ಹೋದ ಪೋಸ್ಟರ್ ದಿನ ಬೆಳಗಿಂದ ಸಂಜೆವರೆಗೂ ನಿಂತಿದ್ದೆ. ಒಬ್ರು ಬಂದ್ರು. ಶೌಚಾಲಯ ಎಲ್ಲಿದೆ ಅಂತ ಕೇಳಿದ್ರು. ನಿನ್ನೆ ಸ್ವಲ್ಪ ಬೇಗ ಬಂದೆ. ಬಾಗಿಲು ತೆಗೆದು ನೋಡಿದೆ, ಬರೀ ಕುರ್ಚಿ. ಅಷ್ಟೊಂದು ಕುರ್ಚಿ ಹಾಕಿದೀರಿ ನೀವು. ಪರೀಕ್ಷಕರ ಮುಂದೆ ಆ ಕುರ್ಚಿಗಳಿಗೆ ಭಾಷಣ ಮಾಡ್ಬೇಕಲ್ಲ ಅನ್ನಿಸ್ತು. ಕಾರ್ಡು ಇದ್ರೆ, ಕಾರ್ಡು ಇದ್ದದ್ದಕ್ಕೆ ಯಾರೂ ಬರ್ಲಿಲ್ಲ ಅಂತ ಆಗುತ್ತೆ. ಕಾರ್ಡು ಇಲ್ದೆ ಯಾರೂ ಬರ್ದಿದ್ರೆ..." ಅವನು ಬಾಗಿಲತ್ತ ನೋಡಿದ. "ಹಾಕಿಬಿಟ್ಟು ಒಳಗೆ ಹೋಗಿ ನಿಂತ್ಕೊಂಡೆ. ಅಲ್ಲಿ ಏನೂ ಕೇಳಿಸಲ್ವಲ್ಲ, ಅದೇ ಒಳ್ಳೇದನ್ನಿಸ್ತು."

ಮೇಡಂಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಅವನ ನೋವು ತಮ್ಮದೇ ನೋವಿನಂತೆ ಕಂಡು ಕಣ್ಣು ತುಂಬಿತು. ಅಕ್ಕನಿಗೆ 'ಎಲ್ಲ ಮಾಮೂಲು' ಎಂದಿದ್ದೂ ಒಂದು ಕಾರ್ಡೇ ಅಲ್ಲವೇ?

"ನಿನ್ನ ಸಂಶೋಧನೆಯಲ್ಲಿ ಒಂದು ತಪ್ಪಾಗಿದೆಯಪ್ಪಾ," ಎಂದರು ಮೇಷ್ಟ್ರು. "ನೋಡದೆಯೇ ತೀರ್ಮಾನಕ್ಕೆ ಬಂದುಬಿಟ್ಟೆ. ಹೊರಗೆ ಇಟ್ಟಿದ್ದ ದೊಡ್ಡ ಫ್ಲಾಸ್ಕಿನ ಟೀ ಪೂರ್ತಿ ಖಾಲಿಯಾಗಿತ್ತು, ಬುಟ್ಟಿ ತುಂಬಿ ಲೋಟ ಚೆಲ್ಲಿತ್ತು. ಈ ಹಜಾರ ಇಲ್ಲಿಗೇ ಮುಗಿಯುತ್ತೆ. ಸಭಾಂಗಣಕ್ಕೆ ಬರೋರು ಬಿಟ್ರೆ ದಾರಿಹೋಕರು ಇಲ್ಲಿ ಹಾಯಲ್ಲ. ಆ ಟೀ ಕುಡಿದವರು ಯಾರು?"

ಅವನು ತಲೆ ಎತ್ತಿದ.

"ಟೀ ಅಷ್ಟೇ ಕುಡಿಯೋಕೆ ಬಂದಿರ್ತಾರೆ," ಎಂದ.

"ನಾನೂ ಹಾಗೇ ಅಂದ್ಕೊಂಡಿದ್ದೆ, ಇದು ಸಿಗೋವರೆಗೆ." ಮೇಷ್ಟ್ರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೆರೆದು ಹಿಡಿದರು. ಕೊಂಬಿನ ಹುಳು ಹುಲ್ಲಿನಿಂದ ತಲೆ ಹೊರಗೆ ಹಾಕಿತು. "ಟೀ ಕುಡಿಯೋಕೆ ಬರೋರು ಹುಳು ತರಲ್ಲ. ಯಾರದಪ್ಪಾ ಇದು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಗಂಟಲು ಸರಿಮಾಡಿಕೊಂಡರು.

"ಅದು... ನಂದು," ಎಂದರು ಕುಲಸಚಿವರು.

ಮೇಡಂ ಬಾಯಿ ತೆರೆದವರು ಮುಚ್ಚುವುದನ್ನು ಮರೆತರು.

"ಮೇಡಂ ಕಾರ್ಡು ಕಿತ್ತು ತಂದ ಮೇಲೆ ನೀವು ಕೋಣೆಗೆ ಬಂದ್ರಿ," ಎಂದರು ಮೇಷ್ಟ್ರು. "ಬಂದವರೇ 'ಸೊಟ್ಟಗೆ ನೇತಾಡ್ತಿತ್ತು' ಅಂದ್ರಿ. ಬಾಗಿಲವರೆಗೆ ಬಂದವರು ಮಾತ್ರ ಹೇಳಬಹುದಾದ ಮಾತು ಅದು."

"ನಮ್ಮ ಮನೆ ಹಿತ್ತಲಲ್ಲಿ ಸಿಗುತ್ವೆ," ಎಂದರು ಕುಲಸಚಿವರು, ಯಾರನ್ನೂ ನೋಡದೆ. "ಸ್ವಂತ ಮೈಗಿಂತ ದೊಡ್ಡ ಉಂಡೆ ತಳ್ಕೊಂಡು ಹೋಗೋದನ್ನ ನೋಡ್ತಾ ಕೂತಿರ್ತೀನಿ. ಮನೇಲಿ ಬೇರೆ ಯಾರೂ ಇಲ್ಲ ನೋಡಿ, ಹೊತ್ತು ಹೋಗುತ್ತೆ. ಅವುಗಳ ಜೊತೆ ಸಿಕ್ಕ ಇದಕ್ಕೆ ಮಾತ್ರ ಕೊಂಬು ಯಾಕಿದೆ ಅಂತ ಭಾಷಣ ಆದ್ಮೇಲೆ ಕೇಳೋಣ ಅಂತ ತಂದಿದ್ದೆ. ರದ್ದು ಅಂತ ನೋಡಿ ತುಂಬಾ ಬೇಜಾರಾಯ್ತು. ಆ ಬೇಜಾರನ್ನ ಈಯಮ್ಮನ ಮೇಲೆ ತೀರಿಸ್ಕೊಂಡೆ."

"ಅದು ಗಂಡು ಸಾರ್," ಎಂದ ಸಗಣಿ ಡಾಕ್ಟ್ರು ತನಗರಿವಿಲ್ಲದೆ. "ಕೊಂಬು ಗಂಡಿಗೆ. ಬಿಲದ ಬಾಗಿಲಲ್ಲಿ ಇನ್ನೊಂದು ಗಂಡನ್ನ ತಡೆಯೋಕೆ."

"ಬಾಗಿಲು ಕಾಯೋದಕ್ಕೆ!" ಎಂದರು ಕುಲಸಚಿವರು, ದೊಡ್ಡ ಒಗಟು ಬಿಡಿಸಿದವರ ಹಾಗೆ. ಅವರ ಮುಖದಲ್ಲಿ ಮೊಟ್ಟಮೊದಲ ಬಾರಿ ನಗುವಿನಂಥದ್ದೊಂದು ಕಂಡಿತು. ಮರುಗಳಿಗೆಯಲ್ಲೇ ಅವರು ಮತ್ತೆ ಕುಲಸಚಿವರಾದರು. "ನಿನ್ನೆಯದು ವೇಳಾಪಟ್ಟಿಯ ಗೊಂದಲ. ಯಾರ ತಪ್ಪೂ ಅಲ್ಲ. ಹಾಗಂತ ಬರ್ಕೋತೀನಿ. ಯಾರದಾದ್ರೂ ತಕರಾರಿದೆಯಾ?"

"ನನ್ನ ಗಾಡಿ ಮಧ್ಯಾಹ್ನ," ಎಂದರು ಪರೀಕ್ಷಕಿ, ಕನ್ನಡಕ ಏರಿಸಿಕೊಳ್ಳುತ್ತಾ. "ಭಾಷಣಕ್ಕೆ ಅಷ್ಟು ಹೊತ್ತು ಧಾರಾಳವಾಯ್ತು. ಕೇಳೋಕೆ ನಾವಿಷ್ಟು ಜನ ಸಾಕಲ್ಲ?"

"ನಾವಿಷ್ಟೇ ಜನ ಅಂತ ಯಾರು ಹೇಳಿದ್ರು?" ಎಂದರು ಮೇಷ್ಟ್ರು. ಮೇಡಂ ಕಡೆಗೆ ಕಣ್ಣು ಮಾಡಿದರು. "ಬಾಗಿಲು ತೆಗಿಯಮ್ಮಾ."

ಮೇಡಂ ಮೆತ್ತೆಯ ಬಾಗಿಲನ್ನು ತಳ್ಳಿದರು.

ಒಳಗೆ ಜನ ಕೂತಿದ್ದರು. ಲೈಬ್ರರಿಯವರು, ಹಾಸ್ಟೆಲಿನ ಅಡುಗೆಯವರು, ಗಣಿತದ ಇಬ್ಬರು ಪ್ರಾಧ್ಯಾಪಕಿಯರು, ಪೋಸ್ಟರ್ ದಿನ ಪಕ್ಕದಲ್ಲೇ ನಿಂತಿದ್ದರೂ ನಾಚಿಕೆಯಿಂದ ಮಾತಾಡಿಸದೆ ಹೋದ ರಸಾಯನಶಾಸ್ತ್ರದ ಸಂಶೋಧಕ, ಇನ್ನೂ ಎಷ್ಟೋ ಮಂದಿ. ಮೇಷ್ಟ್ರು ಸಂಜೆಯೆಲ್ಲ ವಿಭಾಗದಿಂದ ವಿಭಾಗಕ್ಕೆ ಅಲೆದು, ನಿನ್ನೆ ಟೀ ಕುಡಿದು ಮರಳಿದವರನ್ನು ಹುಡುಕಿ, ಹಿಂದಿನ ಬಾಗಿಲಿನಿಂದ ಕರೆತಂದು ಕೂರಿಸಿದ್ದರು. ಹೊರಗೆ ನಡೆದ ಮಾತಿನ ಒಂದಕ್ಷರವೂ ಅವರಿಗೆ ಕೇಳಿಸಿರಲಿಲ್ಲ. ಬಾಗಿಲು ತೆರೆದದ್ದೇ ಎಲ್ಲರೂ ತಿರುಗಿ ನೋಡಿದರು.

"ಬಂದ್ರಾ? ಶುರು ಮಾಡಿ ಡಾಕ್ಟ್ರೇ," ಎಂದು ಅಡುಗೆಯವರು ಕೂಗಿದರು. ಎಲ್ಲರೂ ನಕ್ಕರು. ಅದರಲ್ಲಿ ಕುಹಕವಿರಲಿಲ್ಲ.

ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಮೇಡಂ ಬಟ್ಟೆಯ ಚೀಲವನ್ನು ಅವನ ಕೈಗಿಟ್ಟರು. "ಬಾಟಲಿ ಅರ್ಧ ನಾನು ಕುಡಿದಿದ್ದೆ. ತೊಳೆದು ತುಂಬಿಸಿದೀನಿ, ಹೋಗು." ಅವನು ಹೋದ. ಒಬ್ಬೊಬ್ಬರಾಗಿ ಉಳಿದವರೂ ಒಳಗೆ ಹೋದರು. ಕುಲಸಚಿವರು ಬೆಂಕಿಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊದಲ ಸಾಲಿಗೇ ನಡೆದರು.

ಮೇಡಂ ಕೋಣೆಯ ಬೀಗದಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎಂದಿನಂತೆ ಬಾಗಿಲೆಳೆದುಕೊಂಡು ಹೊರಗೆ ನಿಲ್ಲಲು ತಿರುಗಿದರು. ತಡವಾಗಿ ಬಂದವರಿಗೆ ದಾರಿ ತೋರಿಸಬೇಕು, ಟೀ ಬಂತೇ ನೋಡಬೇಕು. ಇಷ್ಟು ವರ್ಷ ಆಕೆ ಇದೇ ಬಾಗಿಲ ಆಚೆ ನಿಂತಿದ್ದರು. ತಾವೇ ಏರ್ಪಡಿಸಿದ ಒಂದು ಭಾಷಣವನ್ನೂ ಪೂರ್ತಿ ಕೇಳಿರಲಿಲ್ಲ.

"ಮೇಡಂ," ಎಂಬ ದನಿ ವೇದಿಕೆಯಿಂದ ಬಂತು. ಅವನು ರಿಮೋಟು ಹಿಡಿದು ಕಾಯುತ್ತಿದ್ದ. "ನೀವೂ ಬನ್ನಿ. ನೀವು ಕೂತ್ಮೇಲೆ ಶುರು ಮಾಡ್ತೀನಿ."

ಆಕೆ ಒಳಗೆ ನೋಡಿದರು. ಎಲ್ಲ ಕುರ್ಚಿಗಳೂ ತುಂಬಿದ್ದವು. ತಮಗೆಂದು ಒಂದನ್ನು ಹಾಕಿಕೊಳ್ಳುವುದು ಆಕೆಗೆ ಎಂದೂ ಹೊಳೆದಿರಲಿಲ್ಲ. ಆಗ ಭೂತಗನ್ನಡಿ ಮೇಷ್ಟ್ರು ಎದ್ದು ಹಜಾರಕ್ಕೆ ಬಂದು, ಅಲ್ಲಿದ್ದ ಕುರ್ಚಿಗಳಲ್ಲಿ ಒಂದನ್ನು ಎತ್ತಿ ತಂದು, ತಮ್ಮ ಪಕ್ಕದಲ್ಲಿ ಇಟ್ಟು, ಅಂಗೈಯಿಂದ ಅದರ ಧೂಳು ಒರೆಸಿದರು.

ಮೇಡಂ ಇನ್ನೊಂದು ಕುರ್ಚಿಯನ್ನು ತಂದು ಮೆತ್ತೆಯ ಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೆ ಒತ್ತಿ ನಿಲ್ಲಿಸಿದರು. ಆಮೇಲೆ ಒಳಗೆ ಬಂದು ಕೂತರು.